ದಿಲ್ಲಿಗೆ ಹೋಗದ ಕಂಬಳಿ

ಕೀರ್ತನಾ ಕಂಬಳಿಯ ತುದಿ ಹಿಡಿದು ಜಗ್ಗಿದಳು. ಅದು ಬ್ಯಾಗಿನಿಂದ ಈಚೆಗೆ ಬರಲೊಲ್ಲದು.

ಬಚ್ಚಲಲ್ಲಿ ಅಜ್ಜಿ ಮೈಮೇಲೆ ನೀರು ಹೊಯ್ದುಕೊಳ್ಳುತ್ತಿದ್ದಳು. ತಂಬಿಗೆ ಹಂಡೆಗೆ ತಾಗಿ ಠಣ್ ಎಂದಾಗಲೆಲ್ಲ ಕೀರ್ತನಾ ಬಚ್ಚಲ ಕಡೆ ತಿರುಗಿ ನೋಡುತ್ತಿದ್ದಳು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಂಗಳದಲ್ಲಿ ಅಪ್ಪ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಇನ್ನು ತಡ ಮಾಡಿದರೆ ಕೆಲಸ ಕೆಟ್ಟಂತೆಯೇ!

ಅವಳು ಬ್ಯಾಗಿಗೆ ಒಂದು ಕಾಲು ಒತ್ತಿಕೊಟ್ಟು ಎರಡೂ ಕೈಯಿಂದ ಎಳೆದಳು. ಕಂಬಳಿ ಒಮ್ಮೆಗೇ ಹೊರಗೆ ಬಂತು. ಕೀರ್ತನಾ ಅದನ್ನು ತಬ್ಬಿಕೊಂಡೇ ಹಿಂದಕ್ಕೆ ಬಿದ್ದಳು.

ಅದು ಅಜ್ಜಿ ದಿನಾ ಹೊದೆಯುವ ಕಂಬಳಿಯಲ್ಲ. ಹೊಚ್ಚ ಹೊಸದು. ಹುಣಸೆ ಬೀಜದ ಗಂಜಿ ಕುಡಿದು ರಟ್ಟಿನ ಹಾಗೆ ಬಿರುಸಾಗಿತ್ತು. ‘ಅಜ್ಜಿ ಇದನ್ನ ಯಾವಾಗ ತಗಂಡ್ಲು?’ ಅಂತ ಕೀರ್ತನಾಗೆ ಅನ್ನಿಸಿತು. ಆದರೆ ಹೊಸದಾದರೇನು, ಹಳೆಯದಾದರೇನು? ಅದೇ ಕರಿ ಬಣ್ಣ, ಅದೇ ಚುಚ್ಚು, ಅದೇ ಕುರಿ ವಾಸನೆ.

ಪಡಸಾಲೆಯ ಮೂಲೆಯಲ್ಲಿ ಮರಿ ಮುಚ್ಚುವ ದೊಡ್ಡ ಬುಟ್ಟಿ ಬೋರಲಾಗಿ ಕೂತಿತ್ತು. ಅದರೊಳಗೆ ಮೊನ್ನೆ ಹುಟ್ಟಿದ ಕುರಿಮರಿ ಮಲಗಿತ್ತು. ಮರಿಯನ್ನು ತಾಯಿಗೆ ಬಿಡುವುದು, ಮತ್ತೆ ಮುಚ್ಚುವುದು ಎಲ್ಲ ಕೀರ್ತನಾಳ ಕೆಲಸ. ಬೇರೆ ಯಾರೂ ಆ ಬುಟ್ಟಿ ಎತ್ತುವುದಿಲ್ಲ. ಅವಳು ಕಂಬಳಿಯನ್ನು ಮಡಿಸಿ ಬುಟ್ಟಿಯ ಕೆಳಗೆ ತಳ್ಳಿದಳು. ಮರಿ “ಮ್ಯಾ” ಅಂತು. “ಸುಮ್ಕಿರು!” ಎಂದು ಗದರಿದಳು.

ಆಮೇಲೆ ತನ್ನ ಟ್ರಂಕಿನಿಂದ ಕೆಂಪು ಶಾಲು ತೆಗೆದಳು. ಅಪ್ಪ ಕೊಟ್ಟೂರಿನಿಂದ ಅವಳಿಗೇ ಅಂತ ತಂದಿದ್ದು. ಅಂಚಿಗೆ ಬಿಳಿ ಹೂವು. ದೀಪಾವಳಿಗೆ ಹೊದೆಯಬೇಕೆಂದು ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಒಂದು ಸಲ ಮೂಗಿಗೆ ಹಿಡಿದಳು. ಎಂಥ ಒಳ್ಳೆಯ ಅಂಗಡಿ ವಾಸನೆ! ಕೊಡಲು ಮನಸ್ಸೇ ಬರಲಿಲ್ಲ. ಆದರೂ ಬ್ಯಾಗಿಗೆ ಹಾಕಿದಳು. ದಿಲ್ಲಿಯಲ್ಲಿ ಅಜ್ಜಿ ಚೆಂದ ಕಾಣಲಿ.

ಬ್ಯಾಗು ಈಗ ಹೂವಿನಷ್ಟು ಹಗುರ. ಎತ್ತಿದವರಿಗೆ ಗೊತ್ತಾಗಿಯೇ ಆಗುತ್ತದೆ. ಕೀರ್ತನಾ ಸುತ್ತ ನೋಡಿದಳು. ಬಾಗಿಲ ಹಿಂದೆ ಒಂದು ಸಣ್ಣ ಚೀಲದಲ್ಲಿ ಹೊಸ ಶೇಂಗಾ ಇತ್ತು. ಚೀಲದ ಸಮೇತ ಅದನ್ನು ಬ್ಯಾಗಿನ ತಳಕ್ಕೆ ಇಟ್ಟು ಜಿಪ್ ಎಳೆದಳು. ಸರಿಯಾಯಿತು, ಬ್ಯಾಗಿಗೆ ತೂಕ ಬಂತು.

ಬಚ್ಚಲ ಬಾಗಿಲು ಕಿರ್ ಎಂದಿತು.

ಅವಳ ಅಜ್ಜಿ ಜಂಬಕ್ಕ ದಿಲ್ಲಿಗೆ ಹೊರಟಿದ್ದಳು. ಕಾನಹೊಸಹಳ್ಳಿ ಪಕ್ಕದ ಆ ಕುರಿಹಟ್ಟಿಯಲ್ಲಿ ಮಂದೆ ಹೊಡೆದುಕೊಂಡು ತುಂಗಭದ್ರೆ ದಾಟಿ ಹೋದವರಿದ್ದರು. ರೈಲು ಹತ್ತಿ ದಿಲ್ಲಿಗೆ ಹೋದವರು ಒಬ್ಬರೂ ಇರಲಿಲ್ಲ.

ಕರೆಸಿದ್ದು ಕೂಡ್ಲಿಗಿಯ ಸಂಘದ ಸುಜಾತಾ ಅಕ್ಕ. “ಲೋಕದಾಗಿನ ದೇಶಗಳೋರೆಲ್ಲ ಈ ಸಲ ದಿಲ್ಲ್ಯಾಗ ಕೂಡ್ತಾರ” ಅಂತ ಅವಳು ಹಟ್ಟಿಗೆ ಬಂದು ಹೇಳಿದ್ದಳು. “ಹವಾಮಾನ ಯಾಕ ಕೆಟ್ಟೈತಿ, ಕಾರು, ಫ್ಯಾಕ್ಟರಿ ಎಲ್ಲ ಎಷ್ಟು ಹೊಗಿ ಬಿಡಬೇಕು ಅಂತ ಮಾತಾಡ್ತಾರ. ಅವರ ಮೀಟಿಂಗು ದೊಡ್ಡ ಕಟ್ಟಡದೊಳಗ. ನಮ್ಮದು ಹೊರಗ, ಶಾಮಿಯಾನದ ಕೆಳಗ. ಮೀನು ಹಿಡಿಯೋರು, ಕಾಡಿನೋರು, ಹೊಲದೋರು ಎಲ್ಲಾ ಬರ್ತಾರ. ಕುರಿಯೋರ ಕಡಿಂದ ಜಂಬಕ್ಕ ಬರಬೇಕು.”

ಜಂಬಕ್ಕನೇ ಯಾಕೆ? ಸಂಘದ ಮೀಟಿಂಗಿನಲ್ಲಿ ಅವಳು ಎದ್ದು ನಿಂತು ಕೇಳಿದ್ದಳು: “ನಮ್ಮ ಹಟ್ಟ್ಯಾಗ ಒಂದು ಸ್ಕೂಟರ್ ಇಲ್ಲ. ಹೊಗಿ ಬಿಟ್ಟೋರು ಎಲ್ಲೋ ಅದಾರ. ಮಳಿ ತಪ್ಪಿದ್ದು ನಮಗ. ಇದು ಯಾವ ನ್ಯಾಯ?” ಅದಕ್ಕೇ ಈ ಪ್ರಶ್ನೆಯನ್ನು ದಿಲ್ಲಿಯಲ್ಲೇ ಕೇಳಲಿ ಅಂತ ಎಲ್ಲರೂ ಒಪ್ಪಿದರು.

ಪೇಪರಿನಲ್ಲಿ ಅಜ್ಜಿಯ ಫೋಟೋ ಬಂತು. ತಲೆಯ ಮೇಲಿಂದ ಕಂಬಳಿ ಕೊಪ್ಪೆ ಹಾಕಿಕೊಂಡು, ಹಲ್ಲು ಬಿಟ್ಟುಕೊಂಡು ನಕ್ಕಿದ್ದಳು. ಅಲ್ಲಿಂದ ಶುರುವಾಯಿತು ನೋಡಿ ಕೀರ್ತನಾಳ ಪೀಡೆ. ಐದನೇ ಕ್ಲಾಸಿನ ಗಾದಿಲಿಂಗ ಆ ಪೇಪರನ್ನು ಸ್ಕೂಲಿಗೇ ತಂದ.

“ಲೇ, ಕಂಬಳಿ ಅಜ್ಜಿ ದಿಲ್ಲಿಗೆ ಹೊಂಟೈತಿ! ಅಲ್ಲಿ ಮಂದಿ ಎಲ್ಲಾ ಹಿಂಗ ಮಾಡ್ತಾರ ನೋಡ್ರಿ” ಎಂದು ಮೂಗು ಮುಚ್ಚಿಕೊಂಡು ಬೆಂಚುಗಳ ನಡುವೆ ಓಡಾಡಿದ. “ಅಬ್ಬಬ್ಬ, ಕುರಿ ವಾಸನಿ! ಕುರಿ ವಾಸನಿ!”

ಇಡೀ ಕ್ಲಾಸು ನಕ್ಕಿತು. ಕೀರ್ತನಾಗೆ ಅಳು ಬಂತು. ಗಾದಿಲಿಂಗನ ಮೇಲೆ ಸಿಟ್ಟು ಬಂತು. ಹೇಳಬಾರದು, ಆದರೂ ಹೇಳಬೇಕು, ಅಜ್ಜಿಯ ಮೇಲೂ ಸ್ವಲ್ಪ ಸಿಟ್ಟು ಬಂತು.

ಗುರುವಾರ ಬೆಳಿಗ್ಗೆ ಕಾನಹೊಸಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹಟ್ಟಿಯವರೆಲ್ಲ ಸೇರಿದ್ದರು. ಇಲ್ಲಿಂದ ಬಸ್ಸಿನಲ್ಲಿ ಗುಂತಕಲ್ಲಿಗೆ, ಅಲ್ಲಿಂದ ರೈಲು. ಅಜ್ಜಿ ಹಣೆಗೆ ಅರಿಸಿನದ ಭಂಡಾರ ಹಚ್ಚಿಕೊಂಡು, ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿಕೊಂಡು, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದಳು. ಸ್ಕೂಲಿಗೆ ಹೊರಟ ಹುಡುಗರೂ ಅಲ್ಲೇ ಇದ್ದರು. ಕೀರ್ತನಾ ದೂರದ ಸೋಡಾ ಅಂಗಡಿ ಹತ್ತಿರ, ತಾನು ಯಾರದೋ ಮೊಮ್ಮಗಳು ಎನ್ನುವಂತೆ ನಿಂತಿದ್ದಳು.

“ಕೀರ್ತೀ! ಬಾರವ್ವ ಇಲ್ಲಿ!” ಅಜ್ಜಿ ಕೂಗಿದಳು.

ಕೀರ್ತನಾ ಅಲ್ಲಿಂದಲೇ ಕೈ ಬೀಸಿದಳು. ಅಜ್ಜಿ ಒಂದು ಗಳಿಗೆ ಅವಳನ್ನೇ ನೋಡಿದಳು. ತಾನೂ ಕೈ ಬೀಸಿದಳು.

ಸುಜಾತಾ ಅಕ್ಕ ಬ್ಯಾಗು ಎತ್ತಿ, “ಏನು ಜಂಬಕ್ಕ, ಕಲ್ಲು ತುಂಬೀಯೇನು?” ಅಂದಳು. ಎಲ್ಲರೂ ನಕ್ಕರು. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು.

ಹಟ್ಟಿಯ ಹಿರಿಯ ದೊಡ್ಡಬೀರಪ್ಪ ತಾತ ಕಣ್ಣಿಗೆ ಕೈ ಅಡ್ಡ ಹಿಡಿದು ಬಸ್ಸು ಮರೆಯಾಗುವವರೆಗೂ ನೋಡಿದ. ಆಮೇಲೆ ಕೀರ್ತನಾಳ ಅಪ್ಪನನ್ನು ಕೇಳಿದ: “ಮೈಲಪ್ಪ, ಗದ್ದಿಗಿ ಕಂಬಳಿ ಸರಿಯಾಗಿ ಇಟ್ಟೀರಿಲ್ಲೋ?”

“ಅವ್ವ ತಾನೇ ಇಟ್ಕಂಡಾಳ ತಾತ.”

ಪಕ್ಕದಲ್ಲೇ ಬಂದು ನಿಂತಿದ್ದ ಕೀರ್ತನಾಳ ಕಿವಿ ನೆಟ್ಟಗಾಯಿತು. “ಯಾವ ಗದ್ದಿಗಿ ಕಂಬಳಿ?”

“ನೀ ಸಾಲಿಗೆ ಹೋದಾಗ ತಂದು ಕೊಟ್ವಿ ಕಣವ್ವ” ಅಂದ ತಾತ. “ಹಟ್ಟಿಯ ಎಲ್ಲಾ ಮನಿ ಉಣ್ಣೀನೂ ಒಂದೊಂದು ಹಿಡಿ ಸೇರೈತಿ ಅದರಾಗ. ನಮ್ಮ ಪಂಚಾಯ್ತಿ ನೋಡಿಲ್ಲೇನು? ಮೊದ್ಲು ಕಂಬಳಿ ಹಾಸಿ, ಭಂಡಾರ ಇಟ್ಟು, ಆಮ್ಯಾಲ ಮಾತು. ಗದ್ದಿಗಿ ಮುಂದ ಸುಳ್ಳು ಆಡಂಗಿಲ್ಲ. ಸಾವ್ಕಾರನೂ ಒಂದೇ, ಕುರಿ ಕಾಯೋನೂ ಒಂದೇ. ನಿಮ್ಮಜ್ಜಿಗೆ ಅದು ಇಲ್ದಿದ್ರ ದೊಡ್ಡ ಮಾತು ಆಡಾಕ ಬಾಯೇ ಬರಂಗಿಲ್ಲ. ದಿಲ್ಲ್ಯಾಗೂ ಹಾಸಿ ಕುಂತು ಮಾತಾಡ್ತೀನಿ ಅಂದ್ಲು. ನಮಗೂ ಅದೇ ಬೇಕಾಗಿತ್ತು.”

ಕೀರ್ತನಾ ರಸ್ತೆಯ ತನಕ ಓಡಿ ನೋಡಿದಳು. ಬಸ್ಸು ಹೋದ ದಾರಿಯಲ್ಲಿ ಧೂಳೂ ಇರಲಿಲ್ಲ.

ಹೇಳಿಬಿಡಬೇಕು ಅಂತ ಅವತ್ತು ಬಾಯಿ ತೆರೆದಳು, ಮುಚ್ಚಿದಳು. ಶುಕ್ರವಾರ ಮತ್ತೆ ತೆರೆದಳು. ಅಷ್ಟರಲ್ಲಿ ಅವ್ವ ಒಳಗಿನಿಂದ ಕೂಗಿದಳು: “ಬಾಗ್ಲ ಹಿಂದಿನ ಶೇಂಗಾ ಎಲ್ಲಿ ಹೋತು? ಇಲಿ ತಿಂದ್ವೇನು? ಚೀಲ ಸಮೇತ ತಿಂದ್ವೇನು?” ಕೀರ್ತನಾ ತೆರೆದ ಬಾಯಿಯನ್ನು ಮತ್ತೆ ಮುಚ್ಚಿದಳು.

ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಮರಿಯನ್ನು ಹಾಲಿಗೆ ಬಿಡಲು ಬುಟ್ಟಿ ಎತ್ತಿದಾಗಲೆಲ್ಲ ಕಂಬಳಿ ಕಾಣುತ್ತಿತ್ತು. ಮರಿಗೆ ಮಾತ್ರ ಭಾರಿ ಖುಷಿ. ಅಂಥ ಹಾಸಿಗೆ ಅದರ ಅಪ್ಪನೂ ಕಂಡಿರಲಿಲ್ಲ.

ಶನಿವಾರ ಸಂಜೆ ಅಜ್ಜಿ ಫೋನ್ ಮಾಡುವುದೆಂದು ಮೊದಲೇ ಮಾತಾಗಿತ್ತು. ಕೀರ್ತನಾ ಮತ್ತು ಅಪ್ಪ ಕಾನಹೊಸಹಳ್ಳಿಯ ಓಬಣ್ಣನ ಎಸ್‌ಟಿಡಿ ಬೂತಿನಲ್ಲಿ ಕಾದು ಕುಳಿತರು. ಕೊನೆಗೂ ಫೋನು ಹೊಡೆದುಕೊಂಡಿತು. ಅಪ್ಪ ರಿಸೀವರ್ ಎತ್ತಿದ. ಆಚೆಯಿಂದ ಅಜ್ಜಿಯ ಗಂಟಲು ಬೂತಿನ ಹೊರಗೂ ಕೇಳುವ ಹಾಗಿತ್ತು.

“ಮೈಲಪ್ಪ! ಕಂಬಳಿ ಹೋತೋ! ಬ್ಯಾಗ್ ತೆಗದ್ರ ಯಾರ್ದೋ ಶಾಲು ಐತಿ, ಶೇಂಗಾ ಐತಿ, ಕಂಬಳಿ ಇಲ್ಲ. ರೈಲ್ನ್ಯಾಗ ಯಾರೋ ಬದ್ಲಿ ಮಾಡ್ಯಾರ. ಮಗ್ಗಲಕ ಒಬ್ಬ ಹುಡುಗ ಇದ್ದ. ‘ಅಮ್ಮ, ಅಮ್ಮ’ ಅಂತ ನೀರು ತಂದು ಕೊಡ್ತಿದ್ದ. ನೋಡಾಕ ಒಳ್ಳೇವ್ನಂಗ ಇದ್ದ. ಅವ್ನೇ ಇರಬೇಕು!”

“ಅಯ್ಯೋ, ಎಂಥ ಕಳ್ಳ!” ಅಂದ ಅಪ್ಪ.

ನೀರು ತಂದುಕೊಟ್ಟ ಹುಡುಗ. ಪಾಪ, ಅವನು ಎಲ್ಲೋ ತನ್ನ ಪಾಡಿಗೆ ತಾನು ಇದ್ದಾನೆ, ಇಲ್ಲಿ ಕಳ್ಳನಾಗಿಬಿಟ್ಟ. ಕೀರ್ತನಾಗೆ ತಡೆಯಲಾಗಲಿಲ್ಲ. ಅಪ್ಪನ ಕೈಯಿಂದ ರಿಸೀವರ್ ಕಿತ್ತುಕೊಂಡಳು.

“ಅಜ್ಜಿ, ಆ ಹುಡುಗ ಅಲ್ಲ! ನಾನು! ನಾನೇ ತೆಗದಿನಿ!”

“ಏನು? ಜೋರಾಗಿ ಹೇಳು!”

“ಕಂಬಳಿ ನಾನೇ ತೆಗದಿನಿ! ಶಾಲು ಇಟ್ಟಿನಿ! ಅಲ್ಲಿ ಮಂದಿ ನಗಬಾರ್ದು ಅಂತ! ಭಾರ ಬರಲಿ ಅಂತ ಶೇಂಗಾ ಇಟ್ಟಿನಿ!”

ಬೂತಿನ ಹೊರಗೆ ಕೂತಿದ್ದ ಓಬಣ್ಣನೂ, ಬೀಡಿ ಸೇದುತ್ತಿದ್ದ ಇಬ್ಬರೂ ತಿರುಗಿ ನೋಡಿದರು.

“ಅದಕ್ಕೇ ಬ್ಯಾಗು ತಲಿದಿಂಬು ಮಾಡ್ಕಂಡ್ರ ಚುಚ್ಚುತಿತ್ತು” ಅಂದಳು ಅಜ್ಜಿ. ದನಿ ಸಣ್ಣದಾಗಿತ್ತು. “ನಾಳಿ ಹನ್ನೊಂದಕ್ಕ ನನ್ನ ಮಾತು ಐತೆ ಕೀರ್ತಿ.”

“ಅಜ್ಜಿ…”

“ಊಟ ಮಾಡೀಯೇನು?”

ಕೀರ್ತನಾ ಉತ್ತರ ಹೇಳುವ ಮೊದಲೇ ಲೈನು ಕಟ್ಟಾಯಿತು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಊಟ ಮಾಡೀಯೇನು’ ಅಂದದ್ದನ್ನೇ ಅವಳಿಗೆ ತಡೆಯಲಾಗಲಿಲ್ಲ. ಹಟ್ಟಿಯ ದಾರಿಯುದ್ದಕ್ಕೂ ಸೈಕಲ್ಲಿನ ಹಿಂದೆ ಕೂತು ಅತ್ತಳು. ಅಪ್ಪನೂ ಬೈಯಲಿಲ್ಲ. ದಿಬ್ಬ ಬಂದಾಗ ಇಳಿದು ಸೈಕಲ್ ತಳ್ಳುತ್ತ, “ಹೋಗ್ಲಿ ಬಿಡು, ಅತ್ರ ಕಂಬಳಿ ದಿಲ್ಲಿಗೆ ಹೋಗಂಗಿಲ್ಲ” ಅಂದ.

ನಿಜ, ಅತ್ತರೆ ಹೋಗುವುದಿಲ್ಲ. ಮತ್ತೆ ಏನು ಮಾಡಿದರೆ ಹೋಗುತ್ತದೆ? ಕೀರ್ತನಾ ಮೂಗು ಒರೆಸಿಕೊಂಡು ಯೋಚಿಸತೊಡಗಿದಳು.

ಭಾನುವಾರ ಬೆಳಿಗ್ಗೆ ಎದ್ದವಳೇ ಕಂಬಳಿಯನ್ನು ಕಂಕುಳಲ್ಲಿ ಇರುಕಿಕೊಂಡು ದೊಡ್ಡಬೀರಪ್ಪ ತಾತನ ಮನೆಗೆ ಹೋದಳು. ಮರಿಯೂ ಹಾಸಿಗೆ ಹೋಯಿತಲ್ಲಾ ಎಂದು ಹಿಂದೆಯೇ ಬಂತು. ತಾತ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕೀರ್ತನಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮರಿ ಅದರ ಮೇಲೆ ಮಲಗಿದ್ದು, ಒಂದು ಮೂಲೆ ಚೀಪಿದ್ದು, ಅದನ್ನೂ ಹೇಳಿದಳು.

ತಾತ ಎಲೆ ಬಾಯಿಗೆ ಹಾಕುವುದನ್ನೇ ಮರೆತ. ಅವನ ಹುಬ್ಬು ಮೇಲಕ್ಕೆ ಹೋದವು, ಕೆಳಕ್ಕೆ ಬಂದವು.

“ಕಂಬಳಿ ಮೈಲಿಗಿ ಆತಾ ತಾತ?”

“ಕುರಿ ಕೊಟ್ಟಿದ್ದು ಉಣ್ಣಿ. ಅದರ ಮ್ಯಾಲ ಕುರಿಮರೀನೇ ಮಲಗಿದ್ರ ಎಂಥ ಮೈಲಿಗಿ? ಅದಲ್ಲ ಮಾತು. ಜಂಬಕ್ಕ ಅಲ್ಲಿ ಹೆಂಗ ಮಾತಾಡ್ತಾಳ?”

“ಅದಕ್ಕೇ ಬಂದಿನಿ” ಅಂದಳು ಕೀರ್ತನಾ. “ಅಜ್ಜಿ ಮಾತು ಹನ್ನೊಂದಕ್ಕ. ಅದೇ ಹೊತ್ತಿಗೆ ನಾವು ಇಲ್ಲಿ ಗದ್ದಿಗಿ ಹಾಸಿದ್ರ? ಅಲ್ಲಿ ಮಾತು, ಇಲ್ಲಿ ಕಂಬಳಿ. ನಡೀತೈತಾ?”

ತಾತ ಎಲೆ ಬಾಯಿಗೆ ಹಾಕಿದ. ಅಗಿದ. ಬಹಳ ಹೊತ್ತು ಅಗಿದ. “ನನ್ನ ವಯಸ್ಸಿನಾಗ ಇಂಥಾದ್ದು ಯಾರೂ ಕೇಳಿಲ್ಲ. ನಡೀತೈತೋ ಇಲ್ಲೋ ಗೊತ್ತಿಲ್ಲ. ಆದ್ರ ಒಂದು ಮಾತು. ಹಾಸಿದ ಗದ್ದಿಗಿ ಸುಮ್ನ ಇರಬಾರ್ದು. ಜಂಬಕ್ಕನ ಮಾತು ಮುಗಿಯೋ ತನಕ ಇಲ್ಲೂ ಯಾರಾರ ಮಾತಾಡ್ತಿರಬೇಕು. ಖರೇ ಮಾತು. ಸುಳ್ಳು ಆಡಂಗಿಲ್ಲ.”

“ಅಷ್ಟು ಖರೇ ಮಾತು ಎಲ್ಲಿಂದ ತರೋದು?”

“ಮಂದೀನ ಕರಿ” ಅಂದ ತಾತ. “ಹೊಟ್ಟ್ಯಾಗ ಎಲ್ಲಾರಿಗೂ ಇರ್ತಾವ.”

ಹನ್ನೊಂದಕ್ಕೆ ಮುಂಚೆ ಬೇವಿನ ಮರದ ಕೆಳಗೆ ನೆಲ ಗುಡಿಸಿ ನೀರು ಹಾಕಿದರು. ತಾತ ಕಂಬಳಿ ಬಿಡಿಸಿ ಹಾಸಿದ, ಮೇಲೆ ಒಂದು ಹಿಡಿ ಹಳದಿ ಭಂಡಾರ ಇಟ್ಟ. ಎಲ್ಲರೂ ಚಪ್ಪಲಿ ಬಿಟ್ಟು ಸುತ್ತ ಕುಳಿತರು. ಹಟ್ಟಿಯ ಮಕ್ಕಳೆಲ್ಲ ಬಂದಿದ್ದರು. ಊರಿನಿಂದ ಗಾದಿಲಿಂಗನೂ ಬಂದಿದ್ದ, ಏನೋ ತಮಾಷೆ ಇದೆ ಎಂದು ಕೇಳಿ.

ಮೊದಲು ಕೀರ್ತನಾ ಎದ್ದಳು. ಮಾತು ಸಣ್ಣದೇ. “ಕಂಬಳಿ ಕದ್ದಾಕಿ ನಾನು. ಬಸ್‌ಸ್ಟ್ಯಾಂಡ್‌ನ್ಯಾಗ ಅಜ್ಜಿ ಕರದ್ಲು. ನಾನು ಹೋಗ್ಲಿಲ್ಲ.” ಎರಡನೆಯದನ್ನು ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಅದಾಗಿಯೇ ಬಂತು.

ಅವ್ವ ಅವಳನ್ನು ಎಳೆದು ಮಗ್ಗುಲಲ್ಲಿ ಕೂರಿಸಿಕೊಂಡಳು. “ಅಂತೂ ಇಲಿ ತಿಂದಿಲ್ಲ ಶೇಂಗಾ” ಅಂದಳು. ಆಮೇಲೆ ತಾನೇ ಎದ್ದಳು. “ಈ ವರ್ಷ ಎರಡು ಸಲ ಬಿತ್ತಿನಿ. ಮೊದ್ಲು ಬಿತ್ತಿದ್ದು ಮಣ್ಣಾಗ ಒಣಗಿ ಹೋತು. ಯಾರಿಗೂ ಹೇಳಿರ್ಲಿಲ್ಲ, ನಂದೇ ತಪ್ಪೇನೋ, ಬಿತ್ತಾಕ ಬರಂಗಿಲ್ಲೇನೋ ಅಂದ್ಕಂಡಿದ್ದೆ.”

“ನಂದೂ ಒಣಗೈತಿ” ಅಂದಳು ಪಕ್ಕದ ಮನೆಯ ನಾಗಲಿಂಗಮ್ಮ. “ನಂದೂ” ಅಂದರು ಇನ್ನೊಬ್ಬರು. ಅವ್ವನಿಗೆ ಆಶ್ಚರ್ಯವಾಯಿತು. ತಾನೊಬ್ಬಳೇ ಹೊತ್ತುಕೊಂಡಿದ್ದನ್ನು ಎಲ್ಲರೂ ಒಬ್ಬೊಬ್ಬರೇ ಹೊತ್ತಿದ್ದರು.

ಅಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ: “ದಿಲ್ಲ್ಯಾಗ ನಿನ್ನ ಮಾತು ಯಾರು ಕೇಳ್ತಾರ, ಸುಮ್ನ ಮನ್ಯಾಗ ಇರು ಅಂತ ಅವ್ವಗ ಅಂದಿದ್ದೆ. ಹಂಗ ಅನ್ನಬಾರ್ದಿತ್ತು.”

ಮೂರು ವರ್ಷದ ಪುಟ್ಟ ಒಬ್ಬ ಎದ್ದು, “ಬೆಲ್ಲ ನಾನು ತಿಂದಿನಿ” ಅಂದ. ಯಾವ ಬೆಲ್ಲ, ಯಾರ ಮನೆಯದು ಅಂತ ಹೇಳಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಗು ನಿಂತ ಮೇಲೆ ಗಾದಿಲಿಂಗ ಎದ್ದ. ಅವನ ಕಿವಿ ಕೆಂಪಾಗಿದ್ದವು. “ಕುರಿ ವಾಸನಿ ಅಂದಾವ ನಾನೆ. ಆದ್ರ ನಮ್ಮನ್ಯಾಗ ನಾನೂ ಕಂಬಳಿ ಹೊದ್ಕಂಡೇ ಮಲಗ್ತೀನಿ. ಅದಿಲ್ದಿದ್ರ ನಿದ್ದಿ ಬರಂಗಿಲ್ಲ” ಎಂದು ಹೇಳಿ ಧಡಕ್ಕನೆ ಕುಳಿತ.

ಕೀರ್ತನಾಗೆ ಅವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ! ಮಾತು ಹೀಗೆ ಮಧ್ಯಾಹ್ನದ ತನಕ ನಡೆಯಿತು. ಜಂಬಕ್ಕನ ಮಾತು ಮುಗಿದಿರಬೇಕು ಅಂತ ತಾತ ಸೂರ್ಯನನ್ನು ನೋಡಿ ಹೇಳಿದ ಮೇಲೆಯೇ ಕಂಬಳಿ ಮಡಿಸಿದರು. ಆದರೆ ಅಲ್ಲಿ ಏನಾಯಿತು? ಅಜ್ಜಿಯ ಬಾಯಿಂದ ಮಾತು ಹೊರಟಿತೋ ಇಲ್ಲವೋ? ಅದು ಯಾರಿಗೂ ಗೊತ್ತಿರಲಿಲ್ಲ.

ದೀಪಾವಳಿಗೆ ಮುಂಚೆ ಅಜ್ಜಿ ಬಂದಳು. ಬಸ್ಸು ಇಳಿದವಳ ಕೈಯಲ್ಲಿ ಅದೇ ಬ್ಯಾಗು. ಕಾಲು ಬಾತಿದ್ದವು, ಗಂಟಲು ಕೂತಿತ್ತು, ಮುಖ ಮಾತ್ರ ಪೇಪರಿನ ಫೋಟೋದ ಹಾಗೆ ನಗುತ್ತಿತ್ತು. ಈ ಸಲ ಕೀರ್ತನಾ ಸೋಡಾ ಅಂಗಡಿ ಹತ್ತಿರ ನಿಂತಿರಲಿಲ್ಲ. ಆದರೆ ತೀರಾ ಮುಂದಕ್ಕೆ ಹೋಗಲೂ ಧೈರ್ಯವಿರಲಿಲ್ಲ. ಅಪ್ಪನ ಬೆನ್ನ ಹಿಂದೆ ಇದ್ದಳು.

ಸಂಜೆ ಪಡಸಾಲೆ ತುಂಬ ಜನ. ಅಜ್ಜಿ ತನ್ನ ಹಳೆ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ಕೂತಳು. ಕೀರ್ತನಾ ಎದುರಿನ ಕಂಬಕ್ಕೆ ಆತುಕೊಂಡು ಕುಳಿತಳು.

“ಹೇಳು ಜಂಬಕ್ಕ, ಮಾತಾಡ್ದೇನು?” ತಾತ ಕೇಳಿದ.

“ನನ್ನ ಹೆಸರು ಕೂಗಿದ್ರು. ಎದ್ದು ಹೋದೆ” ಅಂದಳು ಅಜ್ಜಿ. “ಎದುರಿಗೆ ನೋಡಿದ್ರ ಮಂದಿ ಅಂದ್ರ ಮಂದಿ. ಕೈಯಾಗ ಕಂಬಳಿ ಇಲ್ಲ. ಗದ್ದಿಗಿ ಇಲ್ದ ನನಗ ಮಾತು ಬರಂಗಿಲ್ಲವ್ವ ಅಂತ ಸುಜಾತಾಗ ಹೇಳ್ದೆ. ಆಕಿ ಅದನ್ನ ಹಿಂದಿಯೊಳಗ ಎಲ್ಲಾರಿಗೂ ಹೇಳೇ ಬಿಟ್ಲು! ಒಬ್ರೂ ನಗ್ಲಿಲ್ಲ. ಮುಂದ್ಲ ಸಾಲಿನ್ಯಾಗ ಒಬ್ಬ ಮುದುಕ ಇದ್ದ. ರಾಜಸ್ಥಾನದಾತ. ಇಷ್ಟು ದೊಡ್ಡ ಕೆಂಪು ರುಮಾಲು. ಎದ್ದು ಬಂದಾತನೇ ಹೆಗಲಮ್ಯಾಗಿನ ಕಂಬಳಿ ತೆಗೆದು ನನ್ನ ಕೈಯಾಗ ಇಟ್ಟ.”

“ಆತನೂ ಕುರಿಯೋನೇ?” ಅಂದ ತಾತ.

“ಕೇಳೋದೇನು? ಮೂಗಿಗೆ ಹಿಡಿದೆ, ಗೊತ್ತಾತು. ಬಣ್ಣ ಬ್ಯಾರೆ, ಬಿಳಿ ಉಣ್ಣಿ. ವಾಸನಿ ಥೇಟ್ ನಮ್ಮ ಹಟ್ಟೀದು. ಹಾಸಿ, ಭಂಡಾರ ಇಟ್ಟು ಕುಂತೆ. ಆಮ್ಯಾಲ ನನ್ನ ಬಾಯಿ ಯಾರು ಹಿಡೀತಾರ? ಹಸ್ತ ಮಳಿ, ಚಿತ್ತಿ ಮಳಿ ಅಂತ ಹೆಸರಿಡಿದು ಹೇಳ್ದೆ. ಮೊದ್ಲು ಮನಿ ಬೀಗರಂಗ ಹೊತ್ತಿಗೆ ಸರಿಯಾಗಿ ಬರ್ತಿದ್ವು, ಈಗ ಮನಿ ಮರತೋರಂಗ ಅಡ್ಡಾಡ್ತಾವ ಅಂದೆ. ಉಣ್ಣಿ ಕತ್ರಿಸಿದ ಮರುದಿನ ಮಳಿ ಹೊಡದ್ರ ಕುರಿ ಹೆಂಗ ನಡುಗ್ತಾವ, ಅದನ್ನ ಹೇಳ್ದೆ. ನಾವು ಬಿಡದ ಹೊಗಿಗೆ ನಾವ್ಯಾಕ ಕೆಮ್ಮಬೇಕು ಅಂತ ಕೇಳ್ದೆ. ಆ ಮುದುಕ ಹೌದೌದು ಅಂತ ತಲಿ ಹಾಕ್ತಾನ. ಆತಗ ನನ್ನ ಮಾತು ಒಂದಕ್ಷರ ಬರಂಗಿಲ್ಲ!”

ಎಲ್ಲರೂ ನಕ್ಕರು. ಕೀರ್ತನಾಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮೆಲ್ಲಗೆ ಕೇಳಿದಳು: “ದೊಡ್ಡ ಕಟ್ಟಡದೊಳಗಿನೋರಿಗೆ ಕೇಳಿಸ್ತೇನಜ್ಜಿ?”

“ಅದು ದೂರ ಇತ್ತವ್ವ. ಬಾಗ್ಲಾಗ ಪೊಲೀಸರು. ಮರುದಿನ ನಾವೆಲ್ಲ ಕೂಗ್ತಾ ಮೆರವಣಿಗಿ ಹೋದ್ವಿ. ದಾರಿಮ್ಯಾಲಿನ ಮನಿಗಳಾಗ ಒಂದೆರಡು ಕಿಟಕಿ ತೆರದ್ವು. ಒಳಗಿನೋರಿಗೆ ಮುಟ್ತೋ ಇಲ್ಲೋ ಗೊತ್ತಿಲ್ಲ. ಮುಟ್ಟಿಲ್ಲಂದ್ರ ಮತ್ತ ಹೋಗ್ತೀನಿ.”

“ಕಂಬಳಿ ತಗಂಡು ಹೋಗು” ಅಂದ ಅಪ್ಪ. ಮತ್ತೆ ನಗು.

ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ಒಂದು ಚಿಟಿಕೆ ಬಿಳಿ ಉಣ್ಣೆ ಇತ್ತು. “ಬರೋವಾಗ ಆತ ಕೊಟ್ಟ. ಮುಂದಿನ ಗದ್ದಿಗಿ ಕಂಬಳ್ಯಾಗ ಸೇರಿಸಬೇಕು” ಎಂದು ಅದನ್ನು ಕೀರ್ತನಾಳ ಕಡೆ ಚಾಚಿದಳು. ಕೀರ್ತನಾ ಕೂತಲ್ಲಿಂದಲೇ ಕೈ ಚಾಚಿ ತೆಗೆದುಕೊಂಡು ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿದರೆ ಥೇಟ್ ಅಜ್ಜಿಯ ವಾಸನೆ.

“ಕೀರ್ತಿ, ನಿನ್ನ ಶಾಲು ಕೊಟ್ಟು ಬಂದಿನವ್ವ” ಅಂದಳು ಅಜ್ಜಿ. “ಆ ಮುದುಕನ ಕೂಡ ಒಬ್ಬಾಕಿ ಮೊಮ್ಮಗಳು ಬಂದಿದ್ಲು. ನಿನ್ನಷ್ಟೇ ಉದ್ದ. ಸಾಲಿ ಹುಡ್ಗಿ. ಮೊದ್ಲಿಂದ ನೋಡ್ತಿದ್ದೆ, ಆಕಿ ಅಜ್ಜನ ಹತ್ರ ಕುಂದರ್ತಿರ್ಲಿಲ್ಲ. ದೂರ, ಒಂದು ಕಂಬಕ್ಕ ಆತ್ಕಂಡು ನಿಂತಿದ್ಲು.”

ಕೀರ್ತನಾ ಕಂಬದಿಂದ ಬೆನ್ನು ತೆಗೆದಳು. ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿ ಕೈ ಬೀಸಿದ್ದು ನೆನಪಾಯಿತು. ಅವಳು ದೂರ ನಿಂತದ್ದು ಯಾಕೆಂದು ಅವತ್ತೇ ಅಜ್ಜಿಗೆ ಗೊತ್ತಾಗಿತ್ತು.

“ಯಾಕ ದೂರ ನಿಂತಿದ್ಲೋ ಏನೋ” ಅಂದಳು ಅಜ್ಜಿ, ಯಾರ ಮುಖವನ್ನೂ ನೋಡದೆ. “ನಾನು ಆಕಿ ಅಜ್ಜನ ಕಂಬಳಿಗೆ ಭಂಡಾರ ಇಟ್ಟು ಕೈ ಮುಗಿಯೋದು ನೋಡಿದ್ಲು. ಮಂದಿ ಎಲ್ಲಾ ಅದರ ಮುಂದ ಸುಮ್ನ ಕುಂತಿದ್ದು ನೋಡಿದ್ಲು. ನನ್ನ ಮಾತು ಮುಗಿಯೋದ್ರಾಗ ಕಂಬದ ಹತ್ರ ಆಕಿ ಇರ್ಲಿಲ್ಲ.”

ಆ ಹುಡುಗಿಯ ಹೆಸರು ಏನೋ, ಅವಳ ಮಾತು ಯಾವುದೋ. ಅವಳ ಸ್ಕೂಲಿನಲ್ಲೂ ಒಬ್ಬ ಗಾದಿಲಿಂಗ ಇದ್ದಿರಬೇಕು. ಈಗ ಅವಳು ಕೆಂಪು ಶಾಲು ಹೊದ್ದು ಎಲ್ಲೋ ಕೂತಿದ್ದಾಳೆ. ಶಾಲು ಹೋಯಿತಲ್ಲಾ ಎಂಬ ಸಂಕಟ ಬರುತ್ತದೇನೋ ಎಂದು ಕೀರ್ತನಾ ಕಾದಳು. ಅದು ಬರಲಿಲ್ಲ.

“ಮತ್ತ ಎಲ್ಲಿ ಹೋಗಿದ್ಲು ಅಜ್ಜಿ? ಎಲ್ಲಿ ಕುಂತ್ಲು?”

ಅಜ್ಜಿ ತನ್ನ ಮಗ್ಗುಲ ನೆಲವನ್ನು ಅಂಗೈಯಿಂದ ತಟ್ಟಿ ತೋರಿಸಿದಳು.

ಕೀರ್ತನಾ ಎದ್ದಳು. ಕೂತವರ ಕಾಲು ತುಳಿಯದ ಹಾಗೆ ದಾಟಿಕೊಂಡು ಬಂದು ಅಲ್ಲಿ ಕುಳಿತಳು. ಅಜ್ಜಿ ಹಳೆ ಕಂಬಳಿಯ ಅರ್ಧವನ್ನು ಅವಳ ಹೆಗಲ ಮೇಲೂ ಎಳೆದಳು.

“ಆ ಶೇಂಗಾ ಭಾರಿ ರುಚಿ ಇದ್ವು ಕಣೆ” ಅಂದಳು. “ದಿಲ್ಲಿ ಮಂದಿ ಒಂದು ಕಾಳೂ ಬಿಡ್ಲಿಲ್ಲ. ಮನ್ಯಾಗ ಇನ್ನೂ ಅದಾವೇನು?”